ಕೆರೆ ತುಂಬಿದೆ, ಬೋರ್‌ವೆಲ್ ಲಾರಿಗಳೂ ಬಂದಿವೆ. ಈ ನೀರು ಹಂಚಿಕೊಳ್ಳುವುದು ಹೇಗೆ?

ಕೆರೆಏರಿ_ಭರಮಸಾಗರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಭರಮಸಾಗರ ಸುತ್ತಿನ ಒಂದು ಹಳ್ಳಿ. ನಾನು ಚಿಕ್ಕವನಿದ್ದಾಗ ನಮ್ಮೂರ ಕೆರೆ ಅಂದರೆ ಜಾಲಿ ಗಿಡ, ನಡುವೆ ಹುಡುಗರು ಕ್ರಿಕೆಟ್ ಆಡುವ ಜಾಗ. ಅಷ್ಟೇ. ತುಂಗಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸುವ ಯೋಜನೆಯಲ್ಲಿ ನಮ್ಮ ಕೆರೆಯೂ ಸೇರಿತು. ನೀರು ಬಂದ ದಿನ ಊರೆಲ್ಲ ಏರಿ ಮೇಲೆ ನಿಂತಿತ್ತು. ಮೊದಲು ಪೈಪಿನಿಂದ ಬರೀ ಗಾಳಿ ಬುಸ್ ಅಂತ ಬಂತು. ಆಮೇಲೆ ಕೆಂಪು ನೀರು, ಅದರ ಮೇಲೆ ನೊರೆ, ನೊರೆಯ ಮೇಲೆ ಜಾಲಿ ಕಾಯಿ, ಒಣ ಸಗಣಿ, ಎಲ್ಲಾ ತೇಲಿಕೊಂಡು ಬಂದವು. ನಮ್ಮಜ್ಜಿ ಕೆಳಗಿಳಿದು ಹೋಗಿ ಕಾಲು ನೆನೆಸಿಕೊಂಡು ಬಂದಳು. ತಾನು ಮದುವೆಯಾಗಿ ಬಂದ ಹೊಸತರಲ್ಲಿ ಇಲ್ಲಿ ಬಟ್ಟೆ ಒಗೆಯುತ್ತಿದ್ದೆ ಅಂದಳು.

ಈಗ ಮೂರನೇ ವರ್ಷ. ಕೆರೆ ಸುತ್ತ ನಾನೇ ನಡೆದು ಎಣಿಸಿದೆ, 31 ಹೊಸ ಬೋರ್. ಹಿಂದೆ 700 ಅಡಿ ಹೋದರೂ ಧೂಳು ಏಳುತ್ತಿದ್ದ ಜಾಗದಲ್ಲಿ ಈಗ 200 ಅಡಿಗೇ ಎರಡಿಂಚು ನೀರು. ಹಾಗಾಗಿ ಎಲ್ಲರೂ ಅಡಿಕೆ ಸಸಿ ತರುತ್ತಿದ್ದಾರೆ. ಮೆಕ್ಕೆಜೋಳದ ಹೊಲ ಅರ್ಧಕ್ಕರ್ಧ ತೋಟ ಆಗುತ್ತಿದೆ. ಹೋದ ಬೇಸಿಗೆಯಲ್ಲಿ ಕೆರೆ ಒಳಗೇ ಮೂರು ಡೀಸೆಲ್ ಎಂಜಿನ್ ಇಳಿಸಿ ಪೈಪ್ ಎಳೆದರು. ಕೇಳಿದರೆ "ಕೆರೆ ನಿಮ್ಮಪ್ಪಂದಾ" ಅಂತಾರೆ. ಅಪ್ಪಂದಲ್ಲ, ಸರಿ. ಊರಿಂದು ಅಲ್ವಾ?

ನನ್ನ ಪ್ರಶ್ನೆ ಇಷ್ಟು. ಪೈಪಿನ ನೀರು ಪ್ರತಿ ವರ್ಷ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ನದಿಯಲ್ಲಿ ಮಳೆಗಾಲದ ಹರಿವು ಇದ್ದರೆ ಮಾತ್ರ ಎತ್ತುತ್ತಾರೆ. ಒಂದು ವರ್ಷ ಬರದೇ ಹೋದರೆ ಈ ತೋಟಗಳ ಗತಿ ಏನು, ತೋಟ ಇಲ್ಲದವರ ಗತಿ ಏನು? ಬರುವ ಸೋಮವಾರ ಊರಲ್ಲಿ ಸಭೆ ಇದೆ. ಬೇರೆ ಊರಲ್ಲಿ ಹೇಗೆ ನಿಯಮ ಮಾಡಿಕೊಂಡಿದ್ದಾರೆ, ಗೊತ್ತಿದ್ದವರು ಹೇಳಿ.

ಜಗಳೂರು_ಎರೆಹೊಲ
ಅಣ್ಣಾ, ನಿಮ್ಮ ಕಷ್ಟ ಓದಿ ನನಗೆ ಹೊಟ್ಟೆಕಿಚ್ಚೇ ಆಯಿತು, ಸುಳ್ಳು ಹೇಳುವುದಿಲ್ಲ. ನಮ್ಮ ಕಡೆಗೂ ತುಂಗಭದ್ರೆ ದಡದ ದೀಟೂರಿನಿಂದ 57 ಕೆರೆ ತುಂಬಿಸುವ ಯೋಜನೆ ಬಂದಿದೆ. ಎಷ್ಟೋ ಕೆರೆಗೆ ನೀರು ಬಂದು ಜನ ಬಾಗಿನ ಬಿಟ್ಟರು. ಆದರೆ ಪೈಪಿನ ಕೊನೆಯಲ್ಲಿ ಇರುವವರಿಗೆ ನೀರು ಕೊನೆಗೇ ಬರುವುದು. ಮೇಲಿನವರು ವಾಲ್ವ್ ತಿರುಗಿಸಿಕೊಂಡರೆ ನಮಗೆ ಬರೀ ಗಾಳಿ.

ನೀವು ನಿಮ್ಮೂರಿನ ಒಳಗೆ ಹಂಚಿಕೆ ಬಗ್ಗೆ ಕೇಳುತ್ತಿದ್ದೀರಿ. ಒಂದು ಮಾತು ನೆನಪಿಡಿ. ನಿಮ್ಮ ಕೆರೆ ತುಂಬಿದ ಮೇಲೆ ಮುಂದಿನ ಕೆರೆಗೆ ಬಿಡಿ. ನಿಮ್ಮಲ್ಲಿ ಬೇಸಿಗೆಗೂ ಎಂಜಿನ್ ಹಚ್ಚಿ ಖಾಲಿ ಮಾಡಿ, ಮತ್ತೆ ಮಳೆಗಾಲಕ್ಕೆ ಮೊದಲ ಪಾಲು ಕೇಳಿದರೆ, ನಮ್ಮ ಸರದಿ ಯಾವಾಗ?

ಬಲದಂಡೆ_ಕೊನೆಯವ
ಜಗಳೂರಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಕೊನೆ ಭಾಗ ಅಂದರೆ ಏನು ಅಂತ ನಮ್ಮನ್ನು ಕೇಳಿ. ನಮ್ಮದು ಭದ್ರಾ ಬಲದಂಡೆ ನಾಲೆಯ ಕೊನೆ, ಮಲೇಬೆನ್ನೂರಿನಿಂದ ಆಚೆ. ಭದ್ರಾ ಅಚ್ಚುಕಟ್ಟು, ಅಂದರೆ ಡ್ಯಾಂ ನೀರು ಸಿಗುವ ಭೂಮಿ, ಒಟ್ಟು ಒಂದು ಲಕ್ಷ ಹೆಕ್ಟೇರ್‌ಗೂ ಜಾಸ್ತಿ, ಅದರಲ್ಲಿ ಬಲದಂಡೆಯದ್ದೇ ದೊಡ್ಡ ಪಾಲು. ಲಕ್ಕವಳ್ಳಿಯಲ್ಲಿ ಡ್ಯಾಂ 186 ಅಡಿ ತುಂಬಿದೆ ಅಂತ ಪೇಪರ್‌ನಲ್ಲಿ ಫೋಟೋ ಬರುತ್ತದೆ. ಅದೇ ವಾರ ನಮ್ಮ ತೂಬಿನಲ್ಲಿ ಮೊಣಕಾಲು ಮುಳುಗುವಷ್ಟು ನೀರು ಇರುವುದಿಲ್ಲ.

ಒಂದು ರಾತ್ರಿ ನಾವು ಎಂಟು ಜನ ಬ್ಯಾಟರಿ ಹಿಡಿದು ನಾಲೆ ಉದ್ದಕ್ಕೂ ಮೇಲಕ್ಕೆ ನಡೆದೆವು. ಏರಿ ಮೇಲೆ ಹುಲ್ಲು, ಹುಲ್ಲಿನ ಅಡಿಯಲ್ಲಿ ಪೈಪು. ಒಂದು ಕಡೆ ಪೈಪಿನ ಬಾಯಿಗೆ ಗೋಣಿಚೀಲ ಕಟ್ಟಿ ನೀರೊಳಗೆ ಮುಳುಗಿಸಿದ್ದರು. ಕೈ ಹಾಕಿದರೆ ಎಳೆತ ಗೊತ್ತಾಗುತ್ತಿತ್ತು, ಜೀವ ಇದ್ದ ಹಾಗೆ. ಆ ಪೈಪು ಎರಡು ಕಿಲೋಮೀಟರ್ ಆಚೆ, ಅಚ್ಚುಕಟ್ಟಿಗೇ ಸೇರದ ಗುಡ್ಡದ ಮೇಲಿನ ತೋಟಕ್ಕೆ ಹೋಗುತ್ತಿತ್ತು. 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಇಂಥದ್ದಕ್ಕೆ ಶಿಕ್ಷೆ ಜಾಸ್ತಿ ಮಾಡಿದ್ದಾರೆ. ಒಳ್ಳೆಯದು. ಆದರೆ ರಾತ್ರಿ ನಾಲೆ ಮೇಲೆ ನಡೆಯುವವರು ಯಾರು?

2023 ನೆನಪಿದೆಯಲ್ಲ. ಮೊದಲು 100 ದಿನ ನೀರು ಅಂತ ತೀರ್ಮಾನ ಆಯಿತು. ನಾವು ನಂಬಿ ನಾಟಿ ಮಾಡಿದೆವು. ಮಳೆ ಕೈಕೊಟ್ಟಿತು, ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್ ಆಂಡ್ ಆಫ್ ಶುರುವಾಯಿತು. ನಾಟಿ ಆದ ಮೇಲೆ ಲೆಕ್ಕ ಬದಲಾದರೆ ರೈತ ಏನು ಮಾಡಬೇಕು? ದಾವಣಗೆರೆ ಬಂದ್ ಮಾಡಿದೆವು, ರಸ್ತೆಯಲ್ಲಿ ಕೂತೆವು. ಅದರಿಂದ ನಾನು ಕಲಿತದ್ದು ಒಂದೇ. ನೀರಿನ ಲೆಕ್ಕ ಬೀಜ ಬಿತ್ತುವುದಕ್ಕೆ ಮುಂಚೆ ಆಗಬೇಕು. ಆಮೇಲೆ ಮಾಡುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ತೋಟ_ಚನ್ನಗಿರಿ
ಅಡಿಕೆ ಬೆಳೆಗಾರರನ್ನು ಎಲ್ಲರೂ ಕಳ್ಳರ ಹಾಗೆ ನೋಡುತ್ತೀರಿ, ಅದಕ್ಕೆ ಬೇಜಾರು. ನನಗೂ ನಾಲ್ಕು ಎಕರೆ ತೋಟ ಇದೆ. ನನ್ನಪ್ಪ ಮೆಕ್ಕೆಜೋಳ, ಹತ್ತಿ ಬೆಳೆದು ಸಾಲ ಬಿಟ್ಟು ಹೋದರು. ತಂಗಿ ಮದುವೆ, ಮಗನ ಕಾಲೇಜು ಎಲ್ಲಾ ಅಡಿಕೆಯಿಂದ ಆಗಿದ್ದು. ಮೆಕ್ಕೆಜೋಳದ ರೇಟು ಬಿದ್ದಾಗ ನೀವು ಯಾರಾದರೂ ಬಂದು ಕೈ ಹಿಡಿದಿರಾ? ಒಣಭೂಮಿಯವನು ಒಣಭೂಮಿಯವನಾಗೇ ಸಾಯಲಿ ಅಂದರೆ ಅದು ನ್ಯಾಯವಾ?

ಅಡಿಕೆಗೆ ಡ್ರಿಪ್ ಹಾಕಿದರೆ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಭತ್ತದ ಗದ್ದೆಯಲ್ಲಿ ನಿಲ್ಲಿಸುವ ನೀರಿನ ಮುಂದೆ ಇದು ಏನೂ ಅಲ್ಲ. ಮೊದಲು ಭತ್ತದವರ ಲೆಕ್ಕ ಕೇಳಿ.

ಬಲದಂಡೆ_ಕೊನೆಯವ
ಭತ್ತಕ್ಕೆ ನೀರು ಜಾಸ್ತಿ ಬೇಕು, ಒಪ್ಪಿದೆ. ನಮ್ಮ ಕಡೆ ಈಗ ಒಬ್ಬೊಬ್ಬರು ಕೂರಿಗೆಯಲ್ಲಿ ಭತ್ತ ಬಿತ್ತುತ್ತಿದ್ದಾರೆ. ಸಸಿಮಡಿ ಬೇಡ, ಕೆಸರು ಮಾಡುವುದು ಬೇಡ. ಗದ್ದೆಯಲ್ಲಿ ಸದಾ ನೀರು ನಿಲ್ಲಿಸುವುದೂ ಬೇಡ, ಒಂದಿಷ್ಟು ಆರಿಸಿ ಮತ್ತೆ ಕಟ್ಟಿದರೆ ಸಾಕು. ಕಳೆ ಮಾತ್ರ ಜಾಸ್ತಿ, ಅದಕ್ಕೇ ಜನ ಹೆದರುತ್ತಾರೆ. ಆದರೆ ಒಂದು ವ್ಯತ್ಯಾಸ ನೋಡಿ. ನೀರಿಲ್ಲದ ವರ್ಷ ನಾನು ಭತ್ತ ಬಿಡಬಹುದು. ಒಂದು ವರ್ಷದ ದುಡ್ಡು ಹೋಗುತ್ತದೆ, ಗದ್ದೆ ಅಲ್ಲೇ ಇರುತ್ತದೆ. ನೀವು ಅಡಿಕೆಗೆ ಒಂದು ವರ್ಷ ರಜೆ ಕೊಡಬಲ್ಲಿರಾ?

ತೆಂಗು_ಹಿರಿಯೂರು
ಈ ಮಾತಿಗೆ ನಾನು ಉತ್ತರ ಕೊಡುತ್ತೇನೆ, ಏಕೆಂದರೆ ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ನಮ್ಮದು ಹಿರಿಯೂರು ಹತ್ತಿರ, ವಾಣಿವಿಲಾಸ ಸಾಗರದ ಅಚ್ಚುಕಟ್ಟು. ಹಿರಿಯರು ಮಾರಿ ಕಣಿವೆ ಅನ್ನುತ್ತಾರೆ. 1907ರಲ್ಲಿ ಮುಗಿದ ಡ್ಯಾಂ, 30 ಟಿಎಂಸಿ ಹಿಡಿಯುತ್ತದೆ. 1933ರಲ್ಲಿ ಒಂದು ಸಲ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಮೂರು ತಲೆಮಾರು ಕೋಡಿ ನೋಡದೇ ಹೋಯಿತು. ಅಜ್ಜ ಕಥೆ ಹೇಳುತ್ತಿದ್ದ, ನಾವು ನಂಬುತ್ತಿರಲಿಲ್ಲ.

ನಡುವೆ ಕೆಲವು ಒಳ್ಳೆ ವರ್ಷ ಬಂದಿದ್ದವು, ಆಗ ಎಲ್ಲರೂ ತೆಂಗು, ಅಡಿಕೆ ಹಾಕಿದ್ದೆವು. 2016ರಿಂದ ಎರಡು ಮೂರು ವರ್ಷ ಮಳೆ ಇಲ್ಲ. ಡ್ಯಾಂ ತಳ ಕಂಡಿತು. ನಮ್ಮ ತೋಟದಲ್ಲಿ 180 ತೆಂಗಿನ ಮರ. ಮೊದಲು ಕೆಳಗಿನ ಗರಿ ಜೋತು ಬಿದ್ದವು. ಆಮೇಲೆ ಹರಳು ಉದುರಿತು, ಅಂದರೆ ಬೆರಳು ಗಾತ್ರದ ಎಳೆಗಾಯಿ, ರಾತ್ರಿ ಮಲಗಿದರೆ ಟಪ್ ಟಪ್ ಅಂತ ಸದ್ದು ಕೇಳುತ್ತಿತ್ತು. ಕೊನೆಗೆ ಸುಳಿಯೇ ಬಾಗಿ ಕಳಚಿ ಬಿತ್ತು. ಸುಳಿ ಹೋದ ತೆಂಗು ಅಂದರೆ ಕಂಬ ಅಷ್ಟೇ. ಟ್ಯಾಂಕರ್ ನೀರು ತಂದೆವು, ಹೆಂಡತಿ ಬಳೆ ಅಡವಿಟ್ಟು ಇನ್ನೊಂದು ಬೋರ್ ಹೊಡೆಸಿದೆವು, 900 ಅಡಿಯಲ್ಲಿ ಬರೀ ಬೂದಿ ಬಣ್ಣದ ಪುಡಿ. ಆ ಪುಡಿ ಬಾಗಿಲ ತನಕ ಹಾರಿ ಬಂದು ತುಳಸಿ ಕಟ್ಟೆ ಮೇಲೆ ಕೂತಿತ್ತು. 112 ಮರ ಕಡಿಸಿದೆವು. 30 ವರ್ಷದ ಮರಗಳು.

ಭದ್ರಾ ಮೇಲ್ದಂಡೆ ಯೋಜನೆಯ ನೀರು ಹರಿಯತೊಡಗಿದ ಮೇಲೆ ಈಗ ಡ್ಯಾಂ ಚೆನ್ನಾಗಿದೆ. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಸಂತೋಷವೇ. ಆದರೆ ಜನ ಮತ್ತೆ ಅದೇ ಮಾಡುತ್ತಿದ್ದಾರೆ. ತುಂಬಿದ ಡ್ಯಾಂ ನೋಡಿ ಸಸಿ ನೆಡುತ್ತಿದ್ದಾರೆ. ಭರಮಸಾಗರದ ತಮ್ಮಾ, ನಿಮ್ಮ ಸಭೆಯಲ್ಲಿ ಒಂದು ಮಾತು ಕೇಳಿ. ಕೆರೆಗೆ ನೀರೇ ಬಾರದ ವರ್ಷ ನಮ್ಮೂರಲ್ಲಿ ಎಷ್ಟು ಮರ ಉಳಿಸಬಹುದು? ಅಷ್ಟೇ ಮರ ನೆಡಿ.

ತೋಟ_ಚನ್ನಗಿರಿ
ಅಣ್ಣಾ, ನಿಮ್ಮ ಮಾತು ಓದಿ ಸುಮ್ಮನಾದೆ. ನಮ್ಮಲ್ಲೂ ಆ ವರ್ಷಗಳಲ್ಲಿ ಟ್ಯಾಂಕರ್ ಓಡಿದ್ದವು. ನನ್ನ ಅರ್ಧ ಎಕರೆ ಹೋಯಿತು, ನಿಮ್ಮಷ್ಟಲ್ಲ.

ಮೇಷ್ಟ್ರು_ಹೊಳಲ್ಕೆರೆ
ನಿವೃತ್ತ ಶಿಕ್ಷಕ ನಾನು, ಗಣಿತ ಹೇಳಿಕೊಡುತ್ತಿದ್ದೆ. ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ. ಲೆಕ್ಕ ಇಲ್ಲದೆ ಸಭೆಗೆ ಹೋದರೆ ಜಗಳ ಮಾತ್ರ ಆಗುತ್ತದೆ.

ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ಚದರ ಮೀಟರಿಗೆ ಒಂದು ಲೀಟರ್. ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೂ ಎಕರೆಗೆ 20 ಲಕ್ಷ ಲೀಟರ್ ಆಕಾಶದಿಂದಲೇ ಬರುತ್ತದೆ. ಇದನ್ನು ಮಕ್ಕಳಿಗೆ ಹೇಳಿದಾಗ ಅವರು ನಂಬುತ್ತಿರಲಿಲ್ಲ. ದೊಡ್ಡವರೂ ನಂಬುವುದಿಲ್ಲ.

ಈಗ ಕೆರೆ. ನಿಮ್ಮದು 60 ಎಕರೆ ಹರವು, ಸರಾಸರಿ ಆರು ಅಡಿ ಆಳ ಅಂದುಕೊಳ್ಳಿ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಂತರೆ 12.33 ಲಕ್ಷ ಲೀಟರ್. ಒಟ್ಟು 44 ಕೋಟಿ ಲೀಟರ್ ಚಿಲ್ಲರೆ. ಕೇಳಲು ದೊಡ್ಡದು. ಆದರೆ ಕಾರ್ತೀಕದಿಂದ ಮುಂಗಾರಿನ ತನಕ ಸುಮಾರು ಮೂರು ಅಡಿ ನೀರನ್ನು ನಮ್ಮ ಬಿಸಿಲು, ಗಾಳಿಯೇ ಕುಡಿಯುತ್ತವೆ. ಆರರಲ್ಲಿ ಮೂರು ಹೋಯಿತು. ಉಳಿದದ್ದು 22 ಕೋಟಿ.

ಭತ್ತಕ್ಕೆ ಒಂದು ಬೆಳೆಗೆ 1,200 ಮಿಲಿಮೀಟರ್ ಹಿಡಿದರೆ ಎಕರೆಗೆ 48 ಲಕ್ಷ ಲೀಟರ್. ಇಡೀ ಕೆರೆ 46 ಎಕರೆ ಭತ್ತಕ್ಕೆ ಮುಗಿಯಿತು. ಅಡಿಕೆ ಎಕರೆಗೆ 550 ಗಿಡ, ಡ್ರಿಪ್‌ನಲ್ಲಿ ಗಿಡಕ್ಕೆ 18 ಲೀಟರ್, 240 ದಿನ ಅಂದರೆ ಸುಮಾರು 24 ಲಕ್ಷ. 92 ಎಕರೆ. ಮಳೆಯಾಶ್ರಯದ ರಾಗಿ, ಶೇಂಗಾ ಒಣಗುವ ಹೊತ್ತಿಗೆ ಎರಡು ಮೂರು ಸಲ, ಒಟ್ಟು 150 ಮಿಲಿಮೀಟರ್ ನೀರು ಕೊಟ್ಟು ಉಳಿಸುವುದಾದರೆ ಎಕರೆಗೆ ಆರು ಲಕ್ಷ. 366 ಎಕರೆ! ಅದೇ ಕೆರೆ, ಅದೇ ನೀರು. ಚನ್ನಗಿರಿಯವರು ಹೇಳಿದ ಹಾಗೆ ಅಡಿಕೆ ಭತ್ತಕ್ಕಿಂತ ಕಡಿಮೆ ಕುಡಿಯುತ್ತದೆ, ನಿಜ. ಆದರೆ ಅದು ಪ್ರತಿ ವರ್ಷ ಕುಡಿಯಬೇಕು.

ಕೆರೆಯಿಂದ ಇಂಗಿದ ನೀರು ಬಾವಿಗೆ ಬರುತ್ತದೆ, ಮಳೆಗಾಲದಲ್ಲಿ ಕೆರೆ ಮತ್ತೆ ತುಂಬುತ್ತದೆ, ಇದೆಲ್ಲ ನನ್ನ ಲೆಕ್ಕದಲ್ಲಿ ಇಲ್ಲ. ನಿಮ್ಮ ಕೆರೆಯ ನಿಜವಾದ ಹರವು, ಆಳ ಹಾಕಿಕೊಂಡು ನೀವೇ ಮಾಡಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಅಂತರ್ಜಲ ಉಳಿಸುವ ಅಟಲ್ ಭೂಜಲ ಯೋಜನೆ ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಯಲ್ಲಿ ನಡೆದಿತ್ತು. ಅದು ಬಂದ ಪಂಚಾಯಿತಿಗಳಲ್ಲಿ ನೀರಿನ ಬಜೆಟ್ ಅಂತ ಕಾಗದ ಮಾಡಿದ್ದಾರೆ. ಬಹಳ ಕಡೆ ಅದು ಬೀರುವಿನಲ್ಲಿ ಕೂತಿದೆ. ಹೊರಗೆ ತೆಗೆದು ಗೋಡೆಗೆ ಬರೆಸಿ.

ಸಂಘದ_ಅಕ್ಕ
ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಕುಡಿಯುವ ನೀರು ಎಲ್ಲಿ ಹೋಯಿತು? ಬೇಸರ ಮಾಡಿಕೊಳ್ಳಬೇಡಿ, ಗಂಡಸರು ನೀರು ಅಂದರೆ ಮೊದಲು ತೋಟವೇ ನೆನಪಾಗುತ್ತದೆ.

ನಮ್ಮೂರು ಜಗಳೂರು ತಾಲೂಕು. ಬೋರ್ ಆಳಕ್ಕೆ ಹೋದ ಹಾಗೆ ಫ್ಲೋರೈಡ್ ಜಾಸ್ತಿ ಆಯಿತು. ನಮ್ಮ ಓರಗಿತ್ತಿಯ ಮಗನ ಹಲ್ಲು ನೋಡಿದರೆ ಹಳದಿ, ಕಂದು ಗೆರೆ. ಹುಡುಗ ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾನೆ. ಈಗ ಶುದ್ಧ ನೀರಿನ ಘಟಕಕ್ಕೆ ಹೋಗಿ 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ತರುತ್ತೇವೆ. ಘಟಕ ಕೆಟ್ಟರೆ ಪಕ್ಕದೂರು. ಕೆರೆ ತುಂಬಿದ ಊರಲ್ಲಿ ತೆರೆದ ಬಾವಿ ನೀರು ಮೇಲೆ ಬಂದು ರುಚಿಯೇ ಬದಲಾಗಿದೆ ಅಂತ ನಮ್ಮ ಸಂಘದವರು ಹೇಳುತ್ತಾರೆ. ಅದಕ್ಕೇ ಹೇಳುವುದು, ಊರ ಕುಡಿಯುವ ನೀರಿನ ಬೋರ್ ಸುತ್ತ ಹೊಸ ಬೋರ್ ಬೇಡ ಅಂತ ಮೊದಲನೇ ನಿಯಮ ಮಾಡಿ. ಇನ್ನೊಂದು, ಸಭೆಯನ್ನು ಸಂಜೆ ಆರಕ್ಕೆ ಇಡಬೇಡಿ. ಆ ಹೊತ್ತಿಗೆ ನಾವು ಹಾಲು ಹಾಕುವುದಕ್ಕೆ, ಒಲೆ ಹಚ್ಚುವುದಕ್ಕೆ ಹೋಗಿರುತ್ತೇವೆ. ಸಭೆಯಲ್ಲಿ ನಾವು ಇಲ್ಲದಿದ್ದರೆ ಮನೆಗೆ ಎಷ್ಟು ಕೊಡ ನೀರು ಬೇಕು ಅನ್ನುವ ಲೆಕ್ಕ ಯಾರೂ ಹೇಳುವುದಿಲ್ಲ.

ಮೇಷ್ಟ್ರು_ಹೊಳಲ್ಕೆರೆ
ಬೇಸರ ಏನೂ ಇಲ್ಲ ತಾಯಿ, ತಪ್ಪು ನನ್ನದೇ. ಮನುಷ್ಯರಿಗೆ ದಿನಕ್ಕೆ ತಲಾ 55 ಲೀಟರ್ ಅಂತ ಜಲಜೀವನ್ ಲೆಕ್ಕ. 2,000 ಜನರ ಊರಿಗೆ ವರ್ಷಕ್ಕೆ ನಾಲ್ಕು ಕೋಟಿ ಲೀಟರ್. 22ರಲ್ಲಿ ನಾಲ್ಕು ಮೊದಲೇ ತೆಗೆದಿಡಬೇಕು. ದನಕರು ಬೇರೆ.

ಹಳೇ_ಸೌಡಿ
ನಾನು ನಾಲೆಯಲ್ಲಿ ಸೌಡಿ ಕೆಲಸ ಮಾಡಿದವನು. ಗೇಟು ಎತ್ತುವುದು, ಇಳಿಸುವುದು, ಬೈಗುಳ ತಿನ್ನುವುದು. ಅದಕ್ಕೂ ಮುಂಚೆ ನಮ್ಮ ಮನೆಯವರು ಗದ್ದೆಗಳಿಗೆ ಕೆರೆ ನೀರು ಹಂಚುವ ನೀರುಗಂಟಿಗಳು.

ನಮ್ಮ ತಾತನ ಕಾಲದಲ್ಲಿ ತೂಬು ಎತ್ತುವುದು ಒಬ್ಬನ ಕೈಲಿ ಇರಲಿಲ್ಲ. ಊರ ನಾಲ್ಕು ಜನ ಬಂದು ನಿಲ್ಲಬೇಕು. ಕೆರೆಯಲ್ಲಿ ಎಷ್ಟು ನೀರಿದೆ ಅಂತ ತೂಬಿನ ಕಲ್ಲಿನ ಮೇಲಿನ ಗೆರೆ ನೋಡುತ್ತಿದ್ದರು. ಇಂಥ ಗೆರೆ ತನಕ ಇದ್ದರೆ ಪೂರ್ತಿ ಅಚ್ಚುಕಟ್ಟಿಗೆ ಭತ್ತ. ಅದರ ಕೆಳಗೆ ಇದ್ದರೆ ಎಲ್ಲರೂ ತಮ್ಮ ಗದ್ದೆಯಲ್ಲಿ ಅರ್ಧ ಮಾತ್ರ. ಇನ್ನೂ ಕೆಳಗಾದರೆ ಭತ್ತವೇ ಇಲ್ಲ, ರಾಗಿ. ದೊಡ್ಡವನಿಗೂ ಅರ್ಧ, ಸಣ್ಣವನಿಗೂ ಅರ್ಧ. ತಾತ ನೀರನ್ನು ಮೊದಲು ಕೊನೆ ಗದ್ದೆಗೆ ಮುಟ್ಟಿಸಿ ಆಮೇಲೆ ಮೇಲಕ್ಕೆ ಬರುತ್ತಿದ್ದ. ಕೊನೆಯವನಿಗೆ ಮುಟ್ಟಿದರೆ ನಡುವಿನವರು ಕಾಲುವೆಯನ್ನು ತಾವೇ ಸ್ವಚ್ಛ ಇಡುತ್ತಾರೆ ಅನ್ನುತ್ತಿದ್ದ. ಇದಕ್ಕೆ ಅವನಿಗೆ ಸುಗ್ಗಿಯಲ್ಲಿ ಕಣದ ಕಾಳು ಸಿಗುತ್ತಿತ್ತು. ಯಾರಾದರೂ ಅವನಿಗೆ ಹೊಟ್ಟು ಕಾಳು ಕೊಟ್ಟರೆ ಅದು ಊರಿಗೇ ಗೊತ್ತಾಗುತ್ತಿತ್ತು.

ಆ ಕಾಲದಲ್ಲಿ ಎಲ್ಲವೂ ಸರಿ ಇತ್ತು ಅಂತ ನಾನು ಹೇಳುವುದಿಲ್ಲ. ನೀರುಗಂಟಿ ಕೆರೆಗೆ ಇಳಿಯಬಹುದು, ಗೌಡರ ಮನೆ ಕಟ್ಟೆ ಏರುವ ಹಾಗಿರಲಿಲ್ಲ. ಅದು ಮರಳಿ ಬರುವುದು ಬೇಡ. ಗೆರೆ ಮಾತ್ರ ಬೇಕು. ಎಲ್ಲರಿಗೂ ಕಾಣುವ ಗೆರೆ.

ಕೆರೆಏರಿ_ಭರಮಸಾಗರ
ಅಜ್ಜಾ, ಇದನ್ನು ಪ್ರಿಂಟ್ ಹಾಕಿಸಿಕೊಂಡು ಸಭೆಗೆ ಒಯ್ಯುತ್ತೇನೆ. ನಮ್ಮ ತೂಬಿನ ಕಲ್ಲಿನಲ್ಲೂ ಮೂರು ಗೆರೆ ಇವೆ! ಏನೋ ಅಲಂಕಾರ ಅಂದುಕೊಂಡಿದ್ದೆವು.

ಆದರೆ ಒಂದು ತೊಡಕು. ಈಗ ನೀರು ತೂಬಿನಿಂದ ಹೋಗುತ್ತಿಲ್ಲ. ನೆಲದ ಒಳಗಿಂದ ಬೋರ್‌ಗೆ ಹೋಗುತ್ತಿದೆ. ತೂಬು ಮುಚ್ಚಿದರೂ ಕೆರೆ ಇಳಿಯುತ್ತದೆ. ಅದಕ್ಕೆ ಗೆರೆ ಎಳೆಯುವುದು ಎಲ್ಲಿ?

ಬೋರ್‌_ಮೆಕ್ಯಾನಿಕ್
ನಾನು ಚಿತ್ರದುರ್ಗ ಸುತ್ತ ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ಬೋರ್‌ಗೂ ಗೆರೆ ಎಳೆಯಬಹುದು.

ಎರಡು ಎಳೆಯ ತೆಳು ವೈರ್ ತಗೊಳ್ಳಿ, ತುದಿಯ ತಾಮ್ರ ಒಂದಕ್ಕೊಂದು ತಾಗದ ಹಾಗೆ ಬಿಡಿಸಿ, ಒಂದು ನಟ್ಟು ಕಟ್ಟಿ ಭಾರ ಕೊಡಿ. ಐದೈದು ಅಡಿಗೆ ಬಣ್ಣದ ಟೇಪ್ ಸುತ್ತಿ. ಮೇಲಿನ ತುದಿಗೆ ಮಲ್ಟಿಮೀಟರ್. ಕೇಸಿಂಗ್ ಮತ್ತು ಪೈಪಿನ ನಡುವಿನ ಸಂದಿಯಲ್ಲಿ ನಿಧಾನ ಇಳಿಸಿದರೆ, ನೀರು ಮುಟ್ಟಿದ ತಕ್ಷಣ ಮುಳ್ಳು ಅಲ್ಲಾಡುತ್ತದೆ. ಟೇಪ್ ಎಣಿಸಿ, ನೀರು ಎಷ್ಟು ಅಡಿಯಲ್ಲಿದೆ ಗೊತ್ತಾಯಿತು. ಮೋಟರ್ ಓಡದೆ ಒಂದು ರಾತ್ರಿಯಾದರೂ ಕಳೆದಿರಬೇಕು, ಇಲ್ಲದಿದ್ದರೆ ತಪ್ಪು ಲೆಕ್ಕ. ತಿಂಗಳಿಗೊಂದು ದಿನ ಊರಿನ ಹತ್ತು ಬೋರ್ ಅಳೆದು ಕೆರೆ ಹತ್ತಿರದ ಬೋರ್ಡ್ ಮೇಲೆ ಬರೆಯಿರಿ. ಹುಡುಗರು ಮಾಡುತ್ತಾರೆ, ಖುಷಿಯಿಂದ.

ನಾನು ನೋಡಿದ ನಿಜ ಹೇಳುತ್ತೇನೆ. ಪಂಪ್‌ಸೆಟ್‌ಗೆ 10 ಎಚ್‌ಪಿ ತನಕ ಕರೆಂಟ್ ಬಿಲ್ ಇಲ್ಲ. ತ್ರೀಫೇಸ್ ಬರುವುದು ಏಳು ತಾಸು. ಅದಕ್ಕೆ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಟ್ಟಿದ್ದಾರೆ. ರಾತ್ರಿ ಎರಡಕ್ಕೆ ಕರೆಂಟ್ ಬಂದರೆ ಇಡೀ ಬಯಲೇ ಒಮ್ಮೆಗೆ ಗುಂಯ್ ಅನ್ನುತ್ತದೆ. ಹೊಲದ ಮಾಲೀಕ ಮಲಗಿರುತ್ತಾನೆ, ನೀರು ಬದು ದಾಟಿ ರಸ್ತೆಗೆ ಹರಿದಿರುತ್ತದೆ. ಯಾರಿಗೂ ಬೇಕಾಗಿಲ್ಲದ ನೀರು ಅದು. ಮೊದಲು ಆ ನೀರು ಉಳಿಸಿ, ಯಾರ ಬೆಳೆಯೂ ಹೋಗುವುದಿಲ್ಲ.

ಅಂತರ್ಜಲ ಅತಿಯಾಗಿ ಬಳಕೆಯಾಗಿದೆ ಅಂತ ಸರ್ಕಾರದ ಅಧಿಸೂಚನೆ ಆದ ತಾಲೂಕಿನಲ್ಲಿ ಹೊಸ ಬೋರ್ ಕೊರೆಯಲು 2011ರ ಅಂತರ್ಜಲ ಕಾಯ್ದೆ ಪ್ರಕಾರ ಅನುಮತಿ ಬೇಕು. ಲಾರಿ ಬರುವುದು ಮಾತ್ರ ರಾತ್ರಿ.

ಕುರಿ_ಚಳ್ಳಕೆರೆ
ನಮಗೆ ತೋಟ ಇಲ್ಲ, ಬೋರ್ ಇಲ್ಲ. ಕುರಿ ಇವೆ. ನಮ್ಮ ಮಾತು ಯಾವ ಸಭೆಯಲ್ಲೂ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ನಾವು ನಿಮ್ಮ ಕಡೆಗೇ ಕುರಿ ಹೊಡೆದುಕೊಂಡು ಬರುತ್ತೇವೆ. ಮೊದಲು ತೂಬಿನ ಮಟ್ಟಕ್ಕಿಂತ ಕೆಳಗಿನ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಲು ಆಗುತ್ತಲೂ ಇರಲಿಲ್ಲ, ತೂಬಿನಿಂದ ಅದು ಹೊರಗೆ ಹೋಗದು. ಅದು ದನ, ಕುರಿ, ಹಕ್ಕಿ, ಮೀನಿನದು. ಈಗ ಡೀಸೆಲ್ ಎಂಜಿನ್ ಇಳಿಸಿ ಅದನ್ನೂ ಎಳೆಯುತ್ತಾರೆ. ಹೋದ ವರ್ಷ ಒಂದು ಕೆರೆಗೆ ನಂಬಿ ಬಂದೆವು, ನಡುವೆ ಕೆಸರು ಮಾತ್ರ ಉಳಿದಿತ್ತು. ನೀರಿನ ಆಸೆಗೆ ಒಳಗೆ ಹೋದ ಎರಡು ಕುರಿ ಹೂತುಕೊಂಡವು. ಹಗ್ಗ ಹಾಕಿ ಎಳೆದೆವು, ಒಂದು ಬದುಕಿತು.

ನೀವು ಗೆರೆ ಎಳೆಯುವುದಾದರೆ ಕೆಳಗಿನ ಗೆರೆಯನ್ನು ಮೊದಲು ಎಳೆಯಿರಿ.

ತೆಂಗು_ಹಿರಿಯೂರು
ಈ ಅಣ್ಣನ ಮಾತನ್ನು ಬಿಡಬೇಡಿ. ಕುರಿಯವರು ಬಂದು ಹೊಲದಲ್ಲಿ ಮಂದೆ ನಿಲ್ಲಿಸಿದರೆ ನಮಗೂ ಗೊಬ್ಬರ. ಇದು ಕೊಟ್ಟು ತಗೊಳ್ಳುವುದು.

ಮೇಷ್ಟ್ರು_ಹೊಳಲ್ಕೆರೆ
ಮಹಾರಾಷ್ಟ್ರದ ಹಿವರೆ ಬಜಾರ್ ಅನ್ನುವ ಊರಿನ ಬಗ್ಗೆ ಕೆಲವರಿಗಾದರೂ ಗೊತ್ತಿರಬಹುದು. ಅಹ್ಮದ್‌ನಗರ ಜಿಲ್ಲೆ (ಈಗ ಅಹಿಲ್ಯಾನಗರ), ನಮ್ಮ ಚಳ್ಳಕೆರೆ ಸೀಮೆಯ ಹಾಗೆ ಮಳೆ ಕಡಿಮೆ. ಅವರು ಗುಡ್ಡಕ್ಕೆ ಟ್ರೆಂಚ್ ಹೊಡೆದರು, ಮರ ನೆಟ್ಟರು, ಅದು ಎಲ್ಲರೂ ಮಾಡುತ್ತಾರೆ. ಅವರು ಮಾಡಿದ ದೊಡ್ಡ ಕೆಲಸ ಬೇರೆ. ನೀರಾವರಿಗೆ ಬೋರ್ ಕೊರೆಯುವಂತಿಲ್ಲ, ತೆರೆದ ಬಾವಿ ಮಾತ್ರ ಅಂತ ಊರೇ ಕೂತು ತೀರ್ಮಾನ ಮಾಡಿತು. ಕಬ್ಬು, ಬಾಳೆಯಂಥ ನೀರು ಜಾಸ್ತಿ ಕುಡಿಯುವ ಬೆಳೆ ಬೇಡ ಅಂದರು. ಪ್ರತಿ ವರ್ಷ ಮಳೆ ಮುಗಿದ ಮೇಲೆ ನೀರಿನ ಲೆಕ್ಕ ಮಾಡಿ, ಅದನ್ನು ನೋಡಿ ಬೆಳೆ ಹಾಕುತ್ತಾರೆ. ಹಳೇ ಸೌಡಿಯವರ ತಾತನ ಗೆರೆಯೇ ಇದು, ಬೇರೆ ಭಾಷೆಯಲ್ಲಿ.

ತೋಟ_ಚನ್ನಗಿರಿ
ಮೇಷ್ಟ್ರೇ, ಹಾಕಿದ ತೋಟ ಕಿತ್ತು ಹಾಕಿ ಅಂದರೆ ಆಗದು. ಅದು ಕೊಲೆ. ಆದರೆ ಇನ್ನು ಮುಂದೆ ಹೊಸ ತೋಟ ಬೇಡ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಇದ್ದವರು ಡ್ರಿಪ್ ಹಾಕಲಿ, ತೋಟದಲ್ಲಿ ಸೋಗೆ, ಹಾಳೆ ಹರಡಿ ತಂಪು ಉಳಿಸಲಿ, ಮಳೆ ನೀರು ಇಂಗಲು ಕಂದಕ ಹೊಡೆಯಲಿ. ಕೆರೆ ಹೂಳು ಎತ್ತುವಾಗ ತೋಟದವರೇ ಟ್ರ್ಯಾಕ್ಟರ್ ಕೊಡಲಿ, ಮಣ್ಣು ಅವರಿಗೇ ಬೇಕಲ್ಲ. ನಮ್ಮ ಸೂಳೆಕೆರೆ ನೀರನ್ನು ಚಿತ್ರದುರ್ಗ ಊರು ಕುಡಿಯುತ್ತದೆ. ಅಷ್ಟು ದೊಡ್ಡ ಕೆರೆಯಲ್ಲೂ ಹೂಳು, ಒತ್ತುವರಿ. ನಿಮ್ಮ ಸಣ್ಣ ಕೆರೆಯ ಗಡಿ ಕಲ್ಲು ಎಲ್ಲಿದೆ ಅಂತ ಸಭೆಗೆ ಮುಂಚೆ ಸರ್ವೆ ಮಾಡಿಸಿ. ಮೂರು ಎಂಜಿನ್ ಇಳಿಸಿದ್ದು ಯಾರ ಹೊಲದ ಕಡೆಯಿಂದ ಅಂತ ಆಗ ತಾನೇ ಗೊತ್ತಾಗುತ್ತದೆ.

ಬಲದಂಡೆ_ಕೊನೆಯವ
ಹೊಸ ತೋಟ ಬೇಡ ಅಂದರೆ ಈಗಾಗಲೇ ಹಾಕಿದವರು ಗೆದ್ದರು, ಹಾಕದವರು ಸೋತರು. ತಡವಾಗಿ ಬಂದ ಬಡವನಿಗೆ ಬಾಗಿಲು ಮುಚ್ಚಿದ ಹಾಗೆ ಅಲ್ವಾ? ತೋಟ ಇದ್ದವರು ನೀರಿನ ಲೆಕ್ಕದಲ್ಲಿ ಊರಿಗೆ ಏನಾದರೂ ಕೊಡಬೇಕು. ಕೆರೆ ನಿಧಿ ಅಂತ ಮಾಡಿ, ಎಕರೆ ಲೆಕ್ಕದಲ್ಲಿ ಹಾಕಲಿ.

ಸಂಘದ_ಅಕ್ಕ
ನಿಧಿ ಮಾಡುವುದಾದರೆ ಲೆಕ್ಕದ ಪುಸ್ತಕ ಮಹಿಳಾ ಸಂಘದ ಹತ್ತಿರ ಇಡಿ. ಇಪ್ಪತ್ತು ವರ್ಷದ ಹಿಂದೆ ಜಲಸಂವರ್ಧನೆ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲೂ ಕೆರೆ ಬಳಕೆದಾರರ ಸಂಘ ಮಾಡಿದ್ದರು. ನನ್ನ ತವರಿನಲ್ಲೂ ಇತ್ತು. ದುಡ್ಡು ಇರುವ ತನಕ ಸಂಘ ಇತ್ತು. ದುಡ್ಡು ಮುಗಿದ ಮೇಲೆ ಬೋರ್ಡ್ ಮಾತ್ರ.

ಕೆರೆಏರಿ_ಭರಮಸಾಗರ
ಸಭೆ ಆಯಿತು. ಅಕ್ಕ ಹೇಳಿದ ಹಾಗೆ ಬೆಳಿಗ್ಗೆ ಹತ್ತಕ್ಕೆ ಇಟ್ಟೆವು, ಶಾಲೆ ಜಗಲಿಯಲ್ಲಿ. ಹೆಣ್ಣುಮಕ್ಕಳು 40ಕ್ಕೂ ಜಾಸ್ತಿ ಬಂದಿದ್ದರು. ಮೊದಲ ಅರ್ಧ ಗಂಟೆ ಬರೀ ಜಗಳ. ಆಮೇಲೆ ನಾನು ಮೇಷ್ಟ್ರ ಲೆಕ್ಕವನ್ನು ನಮ್ಮ ಕೆರೆಗೆ ಹಾಕಿ ಕಪ್ಪು ಹಲಗೆ ಮೇಲೆ ಬರೆದೆ. ಆಗ ಸದ್ದು ಕಡಿಮೆ ಆಯಿತು. ಬಿಸಿಲು ಕುಡಿಯುವ ನೀರಿನ ಸಾಲು ಬರೆದಾಗ ಹಿಂದೆ ಕೂತಿದ್ದ ಒಬ್ಬ ಯಜಮಾನರು ಎದ್ದು ಬಂದು ಹಲಗೆ ಹತ್ತಿರ ನಿಂತು ಮತ್ತೆ ಓದಿದರು.

ಕೆರೆ ಒಳಗೆ ಎಂಜಿನ್ ಇಳಿಸುವ ಹಾಗಿಲ್ಲ. ಇದಕ್ಕೆ ಎಲ್ಲರೂ ಕೈ ಎತ್ತಿದರು, ಇಳಿಸಿದ್ದ ಮೂವರಲ್ಲಿ ಇಬ್ಬರೂ ಸೇರಿ. ಕುಡಿಯುವ ನೀರಿನ ಬೋರ್ ಹತ್ತಿರ ಹೊಸದು ಬೇಡ, ಒಪ್ಪಿದರು. ತಿಂಗಳ ಮೊದಲ ಭಾನುವಾರ ಹೈಸ್ಕೂಲ್ ಹುಡುಗರು 12 ಬೋರ್ ಅಳೆಯುತ್ತಾರೆ. ಅದರಲ್ಲಿ ನನ್ನದೂ ಇದೆ. ಪೈಪಿನ ನೀರು ನಮ್ಮ ಮೇಲಿನ ಗೆರೆ ಮುಟ್ಟಿದ ದಿನವೇ ಮುಂದಿನ ಊರಿನವರಿಗೆ ಫೋನ್ ಮಾಡುವುದು ಅಂತಲೂ ಆಯಿತು. ಜಗಳೂರಿನ ಅಣ್ಣ, ನಿಮ್ಮದು ಬೇರೆ ಪೈಪು, ಆದರೂ ನಿಮ್ಮ ಮಾತಿನಿಂದಲೇ ಆಗಿದ್ದು.

ಹೊಸ ತೋಟದ ವಿಷಯ ಮಾತ್ರ ಇತ್ಯರ್ಥ ಆಗಲಿಲ್ಲ. ಕೆರೆ ನಿಧಿಯೂ ಇಲ್ಲ. ಬಲದಂಡೆಯವರು ಎತ್ತಿದ ಪ್ರಶ್ನೆಯನ್ನೇ ಒಬ್ಬ ಹುಡುಗ ಎತ್ತಿದ, ಅವನಿಗೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಅವನಿಗೆ ಒಂದೂವರೆ ಎಕರೆ, ಇನ್ನೂ ಏನೂ ಹಾಕಿಲ್ಲ. ದೀಪಾವಳಿ ಆದ ಮೇಲೆ ಕೆರೆ ಮಟ್ಟ ನೋಡಿ ಮತ್ತೆ ಕೂರೋಣ ಅಂತ ಆಯಿತು. ಅಲ್ಲಿಯ ತನಕ ಸಸಿ ತರುವುದಿಲ್ಲ ಅಂತ ಕೆಲವರು ಬಾಯಿಮಾತಿನಲ್ಲಿ ಹೇಳಿದ್ದಾರೆ. ಎಲ್ಲರೂ ಅಲ್ಲ.

ನಾಳೆ ತೂಬಿನ ಕಲ್ಲಿನ ಗೆರೆಗಳಿಗೆ ಬಣ್ಣ ಹಚ್ಚುತ್ತೇವೆ, ಬಿಳಿ, ಹಳದಿ, ಕೆಂಪು. ಕೆಂಪು ಗೆರೆ ಕುರಿ, ದನಗಳದ್ದು. ಚಳ್ಳಕೆರೆ ಅಣ್ಣಾ, ಅದು ಎಲ್ಲಿ ಬರಬೇಕು ಅಂತ ಲೆಕ್ಕ ಹಾಕುತ್ತಿದ್ದೇವೆ. ಬೇಸಿಗೆಯಲ್ಲಿ ಒಂದು ಕುರಿಗೆ ದಿನಕ್ಕೆ ಎಷ್ಟು ನೀರು ಬೇಕು?

ಕುರಿ_ಚಳ್ಳಕೆರೆ
ಏಪ್ರಿಲ್ ಬಿಸಿಲಿಗೆ ಐದಾರು ಲೀಟರ್ ಹಿಡಿಯಿರಿ. ಮರಿ ಹಾಕಿದ್ದಾದರೆ ಇನ್ನೂ ಜಾಸ್ತಿ. ನಿಮ್ಮೂರ ಎಮ್ಮೆಗೆ 60 ಲೀಟರ್ ಬೇಕು, ಮೈ ತೋಯಿಸಿಕೊಳ್ಳುವುದು ಬೇರೆ. ಎಲ್ಲಾ ಕೂಡಿಸಿ ಅದರ ಮೇಲೆ ಬಿಸಿಲು ಕುಡಿಯುವುದನ್ನೂ ಸೇರಿಸಿ, ಆಮೇಲೆ ಗೆರೆ ಎಳೆಯಿರಿ. ಶಿವರಾತ್ರಿ ಆದ ಮೇಲೆ ನಾವು ಆ ಕಡೆ ಬರುತ್ತೇವೆ.